ಓಡುವ ಲಾಂಚಿನಿಂದ ಬಿದ್ದ ಮರಳಿನ ಚೀಲ

ಪ್ರೀತಿಯ ಅತ್ತೆ,

ಮೊನ್ನೆ ಸಾಗರ ಪೇಟೆಯ ಆಚೆ ಹೋಗಬೇಕಾಗಿ ಬಂದು ಹಿನ್ನೀರಿನ ಲಾಂಚು ಹತ್ತಿದ್ದೆ. ಡ್ರೈವರ್ ಅದೇ ಮನುಷ್ಯ. ನನ್ನನ್ನು ನೋಡಿದವನೇ ಮುಖವರಳಿಸಿ, "ಟಾಪ್ ಹತ್ತಿದ ಅಮ್ಮ ಬರ್ಲಿಲ್ವಾ?" ಎಂದು ಕೇಳಿದ. ಅವನಿಗೆ ಗೊತ್ತಿರಲಿಲ್ಲ. ಹೇಗೆ ಗೊತ್ತಿರಬೇಕು? ನೀವು ಹೋಗಿ ಈ ಮಾಘಕ್ಕೆ ವರ್ಷವಾಗುತ್ತದೆ ಎಂದೆ. ಅವನು ಎಂಜಿನ್ ಶುರು ಮಾಡಿದ. ನಡುನೀರಿಗೆ ಬಂದ ಮೇಲೆ ಪಕ್ಕದಲ್ಲಿದ್ದ ಯಾರಿಗೋ ಆ ದಿನದ ಕಥೆಯನ್ನು ಹೇಳತೊಡಗಿದ. ಅರ್ಧಕ್ಕರ್ಧ ತಪ್ಪು! ಅವನ ಕಥೆಯಲ್ಲಿ ನೀವು ಚೀಲದ ಬದಲು ಕಬ್ಬಿಣದ ಗುಂಡು ಬಿಟ್ಟಿದ್ದಿರಿ, ಲಾಂಚು ಬಿರುಗಾಳಿಯಲ್ಲಿ ಓಡುತ್ತಿತ್ತು. ತಿದ್ದೋಣ ಅಂದುಕೊಂಡೆ, ಆಮೇಲೆ ಬಿಟ್ಟೆ. ಮನೆಗೆ ಬಂದವಳೇ ನಡೆದದ್ದು ನಡೆದ ಹಾಗೆ ನಿಮಗೇ ಬರೆಯಬೇಕು ಅನ್ನಿಸಿತು. ನೀವು ಒಂದೊಂದೇ ಅಕ್ಷರವನ್ನು ತುಟಿಯಲ್ಲಿ ಕೂಡಿಸಿಕೊಂಡು ಓದುವವರು, ಅದಕ್ಕೆ ದುಂಡಗೆ ಬಿಡಿಸಿ ಬರೆಯುತ್ತಿದ್ದೇನೆ.

ಮದುವೆಯಾಗಿ ಹೊಸನಗರಕ್ಕೆ ಬಂದ ಮರುದಿನ ನೀವು ನನ್ನನ್ನು ಕೇಳಿದ ಮೊದಲ ಪ್ರಶ್ನೆ ನೆನಪಿದೆಯೇ? ಮಾವನವರು ತೀರಿಕೊಂಡ ಮೇಲೆ ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲನ್ನು ಮಗನನ್ನು ಕಟ್ಟಿಕೊಂಡು ನಡೆಸುತ್ತಿದ್ದವರು ನೀವು. ಸಾಗರದ ಬಸ್ಸಿಗೂ ತೀರ್ಥಹಳ್ಳಿಯ ಬಸ್ಸಿಗೂ ಜನ ಬಂದು ಕೂರುತ್ತಿದ್ದದ್ದು ನಮ್ಮ ಬೆಂಚುಗಳ ಮೇಲೆಯೇ. ನೀವು ಎಣ್ಣೆಯಿಂದ ಗೋಳಿಬಜೆ ಎತ್ತುತ್ತಾ, ತಿರುಗಿಯೂ ನೋಡದೆ, "ಅಲ್ಲ ಕಣೇ, ಶಿವಮೊಗ್ಗದ ಕಾಲೇಜಲ್ಲಿ ಅಷ್ಟು ವರ್ಷ ಕೂತು ಎಂತ ಓದಿದೆ?" ಅಂದಿರಿ. ನಾನು ಹೆದರಿ, "ಭೌತಶಾಸ್ತ್ರ ಅತ್ತೆ. ವಸ್ತು ಹೇಗೆ ಚಲಿಸ್ತದೆ, ಯಾಕೆ ಬೀಳ್ತದೆ, ಇಂಥದ್ದೆಲ್ಲ" ಅಂದೆ. "ಕೈ ಬಿಟ್ರೆ ಬೀಳ್ತದೆ. ಅದಕ್ಕೆ ಕಾಲೇಜು ಬೇಕಾ ಮಾರಾಯ್ತಿ?" ಎಂದು ನಕ್ಕಿರಿ. ನನ್ನ ಕಣ್ಣಲ್ಲಿ ನೀರು ತುಂಬಿತು. ಆದರೆ ಮಧ್ಯಾಹ್ನ ಊಟದ ಗಲಾಟೆ ಮುಗಿದ ಮೇಲೆ ನೀವೇ ಹತ್ತಿರ ಬಂದು ಮೆಲ್ಲಗೆ, "ಯಾಕೆ ಬೀಳ್ತದೆ ಹೇಳು ನೋಡಾಣ" ಎಂದಿರಿ. ಆ ಮನೆಯಲ್ಲಿ ನನ್ನ ಮೊದಲ ಪಾಠ ಅದು. ನನ್ನ ಮೊದಲ ವಿದ್ಯಾರ್ಥಿನಿ ನೀವು.

ಆಮೇಲೆ ತೀರ್ಥಹಳ್ಳಿ ಮಾವ ಬಂದರು. ನಿಮ್ಮ ಅಣ್ಣ, ನಿಮ್ಮ ಮಗನ ಸೋದರಮಾವ, ಮನೆಮಂದಿಗೆಲ್ಲ 'ತೀರ್ಥಹಳ್ಳಿ ಮಾವ'. ಮೊದಲ ಸಲ ಅವರನ್ನು ಕಂಡಾಗ ನನಗೆ ಭಯವಾಗಲಿಲ್ಲ, ಖುಷಿಯಾಯಿತು. ಎಂಥ ಕಂಠ ಅದು! ಪುರಾಣ ಓದಿದರೆ ಬಸ್ಸಿಗೆ ಬಂದವರು ಬಸ್ಸು ತಪ್ಪಿಸಿಕೊಳ್ಳುತ್ತಿದ್ದರು. ಆದರೆ ಭೂಮಿಯ ಮಾತು ಬಂತೆಂದರೆ ಮನುಷ್ಯ ಬೇರೆಯೇ ಆಗಿಬಿಡುತ್ತಿದ್ದರು. ಭೂಮಿ ನಮ್ಮ ದೋಸೆ ಕಾವಲಿಯ ಹಾಗೆ ಚಪ್ಪಟೆ, ಇದ್ದಲ್ಲೇ ಇರುತ್ತದೆ, ಅಲುಗುವುದಿಲ್ಲ, ಇದು ಅವರ ಮತ. ಜವಳಿ ಅಂಗಡಿ ಪುಟ್ಟಯ್ಯನವರೂ ಆ ಬೆಂಚಿನ ಮಿಕ್ಕವರೂ ಅದಕ್ಕೆ ತಲೆದೂಗುವವರು. ಇಷ್ಟು ಬುದ್ಧಿವಂತ ಮನುಷ್ಯನಿಗೆ ಇದೆಂಥ ಹಟ ಎಂದು ನಾನು ಕೇಳಿದಾಗ ನೀವು ಹೇಳಿದಿರಿ. ಹೊಳೆದಂಡೆಯ ಅವರ ಊರಿಗೆ ಓದಿದವರು ದುರ್ಬೀನು ಹಿಡಿದುಕೊಂಡು ಬಂದರು, ಕಲ್ಲು ನೆಟ್ಟರು, ಅಣೆಕಟ್ಟು ಕಟ್ಟಿದರೆ ನೀರು ಇಲ್ಲಿಯವರೆಗೆ ಬರುತ್ತದೆ ಅಂದರು. ಬಂತು. ಮನೆ, ಗದ್ದೆ, ದೇವರ ಕಟ್ಟೆ ಎಲ್ಲವೂ ಹೋಯಿತು. ಮಾವ ತೀರ್ಥಹಳ್ಳಿಗೆ ಬಂದು ಬಾಡಿಗೆ ಮನೆ ಹಿಡಿದರು. "ಓದಿದವರ ಲೆಕ್ಕ ಅಂದ್ರೆ ಅಣ್ಣಯ್ಯಂಗೆ ಮನೆ ಮುಳುಗಿಸೋ ಲೆಕ್ಕ ಕಣೇ" ಅಂದಿರಿ. ಅಂದಿನಿಂದ ಅವರ ಮೇಲೆ ನನಗೆ ಸಿಟ್ಟೇ ಬರಲಿಲ್ಲ. ಸೋಲಬಾರದು ಎನ್ನುವ ಛಲ ಮಾತ್ರ...

ಹೈಸ್ಕೂಲಿನ ಹೆಡ್‌ಮಾಸ್ಟರು ನಮ್ಮಲ್ಲಿ ಕಾಫಿ ಕುಡಿಯುತ್ತಾ ಆ ಮಾತು ಎತ್ತಿದ ಬೆಳಗ್ಗೆ ನಿಮ್ಮ ಕೈಯಲ್ಲಿದ್ದ ಸೌಟು ಹಾಗೇ ನಿಂತಿತ್ತು. ವಿಜ್ಞಾನ ಹೇಳಿಕೊಡುವವರು ಇಲ್ಲ, ಶಿವಮೊಗ್ಗದಿಂದ ಬಂದವರು ಒಂದು ಮಳೆಗಾಲ ಕಳೆಯುವುದರೊಳಗೆ ವರ್ಗ ಮಾಡಿಸಿಕೊಂಡು ಹೋಗುತ್ತಾರೆ, ನಿಮ್ಮ ಸೊಸೆ ಬರುತ್ತಾರಾ ಎಂದು ಅವರು ಕೇಳಿದರು. ನಾನು ಬಾಗಿಲ ಹಿಂದೆ ನಿಂತಿದ್ದೆ. ನೀವು ನನ್ನನ್ನು ನೋಡದೆಯೇ, "ಬರ್ತಾಳೆ" ಅಂದಿರಿ! ನಿಮ್ಮ ಮಗನ ಬಾಯಿ ತೆರೆದದ್ದು ತೆರೆದೇ ಇತ್ತು. ಆದರೆ ಶಾಲಾ ಕಮಿಟಿ ಒಪ್ಪಬೇಕಲ್ಲ? ಕಮಿಟಿಯ ಅಧ್ಯಕ್ಷರು ಪುಟ್ಟಯ್ಯನವರು. ಪುಟ್ಟಯ್ಯನವರು ಮಾವನನ್ನು ಕೇಳದೆ ಮಗಳ ಮದುವೆಯ ದಿನವನ್ನೂ ಇಟ್ಟವರಲ್ಲ. ಆ ವಾರದ ಸಂತೆಯ ದಿನ ಮಾವ ತೀರ್ಥಹಳ್ಳಿಯ ಮೊದಲ ಬಸ್ಸಿಗೇ ಬಂದಿಳಿದರು.

ಬೆಂಚಿನ ತುಂಬ ಜನ. ಮಾವ ಕಾಲ ಮೇಲೆ ಕಾಲು ಹಾಕಿ ಕೂತು, "ಏ ವನಜಾ, ಬಾ ಇಲ್ಲಿ" ಎಂದು ಕರೆದರು. "ಶಾಲೆ ಮಕ್ಕಳಿಗೆ ಭೂಮಿ ಚೆಂಡು ಅಂತ ಹೇಳ್ಕೊಡ್ತೀಯಂತೆ?"

"ಹೌದು ಮಾವ."

"ಅದು ಗಿರಗಿರ ತಿರುಗ್ತದೆ ಅಂತಲೂ?"

"ಹೌದು."

"ಹಂಗಾರೆ ನಂಗೊಂದು ಹೇಳು. ಮರದ ತುದಿಗೆ ಹತ್ತಿ ಕಲ್ಲು ಬಿಡ್ತೀನಿ ಅಂತ ಇಟ್ಕೋ. ಅದು ನೆಲ ಮುಟ್ಟೋದ್ರೊಳಗೆ ನಿನ್ನ ಭೂಮಿ ಮೂಡಲಿಗೆ ಓಡಿರ್ತದೆ. ಕಲ್ಲು ಬುಡದಲ್ಲಿ ಯಾಕೆ ಬೀಳ್ತದೆ? ಕೊಲ್ಲೂರಲ್ಲಿ ಹೋಗಿ ಬೀಳ್ಬೇಕಲ್ಲ!"

ಜನ ಹೋ ಎಂದರು. ಪುಟ್ಟಯ್ಯನವರು ಇನ್ನೊಂದು ಸೇರಿಸಿದರು. "ಹಿನ್ನೀರು ನೋಡಮ್ಮ, ಕನ್ನಡಿ ಹಂಗೆ ಸಮ ನಿಂತದೆ. ಚೆಂಡಿನ ಮೇಲೆ ನೀರು ಹುಯ್ದ್ರೆ ನಿಲ್ತದಾ?" ನಾನು ಉತ್ತರ ಹೇಳಿದೆ. ಪುಸ್ತಕದಲ್ಲಿದ್ದ ಹಾಗೆಯೇ ಹೇಳಿದೆ. ಜಡತ್ವ ಅಂದೆ, ಗುರುತ್ವಾಕರ್ಷಣೆ ಅಂದೆ, ಸಾಪೇಕ್ಷ ವೇಗ ಅಂದೆ. ಮಾವ ಕಣ್ಣು ಮುಚ್ಚಿಕೊಂಡು ಕೇಳಿ, "ಜಡತ್ವ ಅಂದ್ರೆ ಪುಟ್ಟಯ್ಯಂಗೆ ಊಟ ಆದ್ಮೇಲೆ ಬರ್ತದಲ್ಲ, ಅದೇನಾ?" ಅಂದರು. ಪುಟ್ಟಯ್ಯನವರೂ ನಕ್ಕರು. ಇಡೀ ಹೋಟೆಲು ನಕ್ಕಿತು. ನಾನು ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ ಅತ್ತೆ. ಆದರೂ ಸೋತಿದ್ದೆ.

ಒಳಗೆ ಬಂದು ಕಂಬಕ್ಕೆ ಒರಗಿ ನಿಂತಾಗ ನೀವು ಸಮಾಧಾನ ಹೇಳುತ್ತೀರಿ ಅಂದುಕೊಂಡಿದ್ದೆ. ನೀವು ಹೇಳಿದ್ದೇನು? "ನೀನು ಹೇಳಿದ್ದು ನಂಗೂ ತಿಳೀಲಿಲ್ಲ. ಅಣ್ಣಯ್ಯ ಕೇಳಿದ್ದು ಮಾತ್ರ ಸರಿ ತಿಳೀತು." ಆಮೇಲೆ ಹಿಟ್ಟಿನ ಕೈ ತೊಳೆಯುತ್ತಾ, "ನಿಜ ಆಗಿದ್ರೆ ಕಣ್ಣಿಗೆ ತೋರ್ಸು. ಅಣ್ಣಯ್ಯ ಹಟಮಾರಿ, ಆದ್ರೆ ಸುಳ್ಳುಗಾರ ಅಲ್ಲ. ಕಂಡದ್ದನ್ನ ಕಂಡಿಲ್ಲ ಅನ್ನೋನಲ್ಲ" ಅಂದಿರಿ. ಕಾಲೇಜಿನಲ್ಲಿ ಯಾವ ಮೇಷ್ಟ್ರೂ ನನಗೆ ಇದಕ್ಕಿಂತ ದೊಡ್ಡ ಮಾತು ಹೇಳಿರಲಿಲ್ಲ.

ಅದೇ ಮಧ್ಯಾಹ್ನ ನಾವು ಮಹಡಿಯ ಮೇಲಿಂದ ತೆಂಗಿನಕಾಯಿ ಬೀಳಿಸಿದ್ದು. ಹಿತ್ತಿಲಿನಲ್ಲಿ ಹಳೆಯ ತಗಡೊಂದನ್ನು ಹಾಸಿ, ಮಾವನನ್ನೂ ಪುಟ್ಟಯ್ಯನವರನ್ನೂ ಕರೆದೆ. ಒಂದು ಕೈಯಲ್ಲಿ ಸುಲಿದ ಕಾಯಿ, ಇನ್ನೊಂದರಲ್ಲಿ ನಿಂಬೆಹಣ್ಣು. "ಯಾವುದು ಮೊದ್ಲು ನೆಲ ಮುಟ್ತದೆ ಮಾವ?" ಎಂದು ಮೇಲಿಂದ ಕೇಳಿದೆ. "ಇದು ಕೇಳೋ ಪ್ರಶ್ನೆಯಾ? ಕಾಯಿ. ಭಾರ ಇರೋದು ಬೇಗ ಬೀಳ್ತದೆ." ಪುಟ್ಟಯ್ಯನವರೂ ಕಾಯಿ ಅಂದರು. ನೀವು ಮಾತ್ರ ಕಣ್ಣು ಮುಚ್ಚಿಕೊಂಡು ನಿಂತಿರಿ, "ನಾನು ನೋಡಲ್ಲ, ಕೇಳ್ತೀನಿ. ಸಪ್ಪಳ ಎರಡಾ ಒಂದಾ ಅಂತ ಕಿವಿ ಹೇಳ್ತದೆ." ನಾನು ಎರಡೂ ಕೈ ಒಟ್ಟಿಗೆ ಬಿಟ್ಟೆ. ಢಬ್! ಒಂದೇ ಸಪ್ಪಳ. "ಒಂದೇ" ಅಂದಿರಿ ನೀವು. ಮಾವ ಮತ್ತೆ ಬಿಡು ಅಂದರು. ಮತ್ತೆ ಬಿಟ್ಟೆ. ಒಂದೇ. ಮೂರನೆಯ ಸಲ ಕಾಯಿ ಒಡೆದು ನೀರು ಪುಟ್ಟಯ್ಯನವರ ಪಂಚೆಗೆ ಸಿಡಿಯಿತು.

ಮಾವ ಸುಲಭಕ್ಕೆ ಬಿಡುವವರೇ? ಬಾಳೆ ಎಲೆಯೊಂದನ್ನು ಎತ್ತಿ, "ಇದನ್ನ ಬಿಡು ಹಂಗಾರೆ. ಇದು ಯಾಕೆ ತೇಲ್ತಾ ಬರ್ತದೆ?" ಅಂದರು. ಒಳ್ಳೆಯ ಪ್ರಶ್ನೆ, ನಾನು ಕಾಯುತ್ತಿದ್ದದ್ದೇ ಅದಕ್ಕೆ. ಎಲೆಯನ್ನು ಹರವಿ ಬಿಟ್ಟೆ, ತೂಗಾಡುತ್ತಾ ಇಳಿಯಿತು. ಅದೇ ಎಲೆಯನ್ನು ಸುತ್ತಿ ಉಂಡೆ ಮಾಡಿ ಬಿಟ್ಟೆ, ಧೊಪ್ಪನೆ ಬಿತ್ತು. "ಎಲೆ ಅದೇ, ತೂಕ ಅದೇ ಮಾವ. ತಡೆದದ್ದು ಗಾಳಿ." ಮಾವ ಬಹಳ ಹೊತ್ತು ಆ ಎಲೆಯುಂಡೆಯನ್ನು ಕೈಯಲ್ಲಿ ತಿರುಗಿಸುತ್ತಾ ನಿಂತಿದ್ದರು. ಒಂದೇ ಒಂದು ಪಾರಿಭಾಷಿಕ ಪದವನ್ನೂ ನಾನು ಆಡಿರಲಿಲ್ಲ. ಕೊನೆಗೆ ಅವರು, "ಬೀಳೋ ವಿಷಯ ಒಪ್ಪಿದೆ. ತಿರುಗೋ ವಿಷಯ ಒಪ್ಪಿಲ್ಲ. ಓಡೋ ಭೂಮಿ ಮೇಲೆ ಕಲ್ಲು ಬುಡಕ್ಕೇ ಬೀಳ್ತದೆ ಅನ್ನೋದನ್ನ ತೋರ್ಸು. ತೋರ್ಸಿದ್ರೆ ಕಮಿಟಿ ಮುಂದೆ ನಾನೇ ಬಂದು ಹೇಳ್ತೀನಿ. ತೋರ್ಸದಿದ್ರೆ ನೀನು ಆ ಕೆಲಸದ ಆಸೆ ಬಿಡ್ಬೇಕು" ಅಂದರು. ಓಡುವ ಭೂಮಿಯನ್ನು ಎಲ್ಲಿಂದ ತರಲಿ?

ಆ ಪ್ರಶ್ನೆಗೆ ದಾರಿ ಸಿಕ್ಕಿದ್ದು ಮದುವೆಯ ಕರೆಯೋಲೆ ಬಂದ ದಿನ. ನಿಮ್ಮ ತಂಗಿಯ ಮಗಳ ಮದುವೆ, ಸಾಗರದ ಆಚೆ, ಹಿನ್ನೀರು ದಾಟಿ ಹೋಗಬೇಕಾದ ಊರು. "ಲಾಂಚಲ್ಲಿ ಹೋಗ್ಬೇಕಲ್ಲ ಮಾರಾಯ್ತಿ, ನಂಗೆ ತಲೆ ತಿರುಗ್ತದೆ" ಎಂದು ನೀವು ಗೊಣಗಿದಿರಿ. ನಾನು ನಿಮ್ಮ ಎರಡೂ ಭುಜ ಹಿಡಿದು ಕುಣಿದೆ. ನೀವು ನನಗೆ ಹುಚ್ಚು ಹಿಡಿಯಿತು ಅಂದುಕೊಂಡಿರಿ. ಲಾಂಚು! ಓಡುವ ನೆಲ. ಸಾಲದೆಂಬಂತೆ ರಸ್ತೆಯ ಗುಂಡಿಗಳಿಲ್ಲ, ಕುಲುಕಾಟವಿಲ್ಲ. ಮಾವನೂ ಅದೇ ಮದುವೆಗೆ ಬರುವವರು, ಓಡುವ ಲಾಂಚಿನ ಮೇಲಿಂದ ಮರಳಿನ ಚೀಲ ಬಿಟ್ಟು ತೋರಿಸುತ್ತೇನೆ ಎಂದು ಹೇಳಿ ಕಳಿಸಿದೆ. "ಬರ್ತೀನಿ, ಚೀಲ ನೀರಿಗೆ ಬೀಳೋದನ್ನ ನೋಡೋಕೆ ಬರ್ತೀನಿ" ಎಂದು ಉತ್ತರ ಬಂತು. ಕೂತು ನೀವೇ ಹಳೆಯ ಸೀರೆಯ ಸೆರಗಿನಿಂದ ಪುಟ್ಟ ಚೀಲ ಹೊಲಿದು ಹೊಳೆಮರಳು ತುಂಬಿದಿರಿ. ಬಿದ್ದಲ್ಲೇ ಕೂರಬೇಕು, ಉರುಳಬಾರದು ಎಂದು ನಾನು ಹೇಳಿದ್ದೆ.

ಆ ಬೆಳಗ್ಗೆಯ ನೀರನ್ನು ಮರೆಯುವುದುಂಟೇ? ಗಾಳಿಯಿಲ್ಲ, ಅಲೆಯಿಲ್ಲ, ಅಲ್ಲಲ್ಲಿ ಮುಳುಗಿದ ಮರಗಳ ಒಣತಲೆಗಳು. ಲಾಂಚಿನ ಟಾಪಿನ ಹಿಂದಿನ ಅಂಚಿಗೆ ದಾರ ಇಳಿಬಿಟ್ಟು, ಅದಕ್ಕೆ ಗಾರೆಯವರ ತೂಕದ ಗುಂಡು ಕಟ್ಟಿ, ಅದು ತೋರಿಸಿದ ಜಾಗದಲ್ಲಿ ಹಿಂಬದಿಯ ಹಲಗೆಯ ಮೇಲೆ ಸೀಮೆಸುಣ್ಣದಿಂದ ಗುಂಡನೆಯ ಗುರುತು ಹಾಕಿದೆ. ಲಾಂಚು ದಡಕ್ಕೆ ಕಟ್ಟಿದ್ದಾಗಲೇ ಡ್ರೈವರ್ ಹತ್ತಿ ಚೀಲ ಬಿಟ್ಟು ತೋರಿಸಿದ. ಗುರುತಿನ ಮೇಲೆ ಬಿತ್ತು. "ನಿಂತಿದ್ದಾಗ ಬೀಳ್ತದೆ, ಅದರಲ್ಲಿ ಎಂತ ಉಂಟು" ಎಂದರು ಮಾವ. "ಲಾಂಚು ಜೋರು ಓಡ್ಲಿ. ಚೀಲ ಗಾಳಿಯಲ್ಲಿದ್ದಾಗ ಲಾಂಚು ಮುಂದೆ ಹೋಗಿರ್ತದೆ. ಚೀಲ ಹಿಂದೆ ಉಳೀತದೆ. ನೀರಿಗೇ ಬೀಳ್ತದೆ." ಸೈಕಲ್ಲು ಹಿಡಿದವರು, ಅಕ್ಕಿ ಮೂಟೆಯವರು, ಮದುವೆಗೆ ಹೊರಟ ಹೆಂಗಸರು ಎಲ್ಲರೂ ಹಿಂದಕ್ಕೆ ಬಂದು ಸುತ್ತುಗಟ್ಟಿದರು. ಬಹುಪಾಲು ಜನ ಮಾವನ ಕಡೆ. ನಿಜ ಹೇಳಲೇ? ನಾನು ಸೀಮೆಸುಣ್ಣದ ಗುರುತನ್ನು ಎರಡೆರಡು ಸಲ ತೀಡಿದೆ. ಚೀಲ ಎಲ್ಲಿ ಬೀಳುತ್ತದೆಂದು ಗೊತ್ತಿತ್ತು, ಆದರೂ ತೀಡಿದೆ.

ನಡುನೀರಿಗೆ ಬಂದಾಗ ಡ್ರೈವರ್ ಎಂಜಿನ್ ಬಿಟ್ಟು ಬರುವ ಹಾಗಿರಲಿಲ್ಲ. ಯಾರು ಹತ್ತಬೇಕು? ನಾನು ಸೆರಗು ಕಟ್ಟಿದೆ. ಮಾವ, "ಅವಳು ಬೇಡ, ಮುಂದಕ್ಕೆ ತಳ್ಳಿ ಬಿಡ್ತಾಳೆ" ಅಂದರು. "ನಿಮ್ಮ ಕಡೆಯವರು ಬೇಡ, ಹಿಂದಕ್ಕೆ ಎಳೆದು ಬಿಡ್ತಾರೆ" ಅಂದೆ ನಾನು. ಆಗ ನೀವು ಇದ್ದಕ್ಕಿದ್ದ ಹಾಗೆ ನನ್ನ ಕೈಯಿಂದ ಚೀಲ ತೆಗೆದುಕೊಂಡಿರಿ. "ನಾನು ಇಬ್ಬರಿಗೂ ಆಗ್ತೀನಲ್ಲ. ಒಬ್ಬ ಅಣ್ಣ, ಒಬ್ಬಳು ಸೊಸೆ" ಎಂದು ಸೀರೆಯನ್ನು ಎತ್ತಿ ಕಟ್ಟಿ ಕಬ್ಬಿಣದ ಏಣಿ ಹತ್ತತೊಡಗಿದಿರಿ. ಹೆಂಗಸರು ಬಾಯಿಗೆ ಸೆರಗು ಹಿಡಿದರು. ಮಾವ ಗಾಬರಿಯಾಗಿ, "ಗಿರಿಜೇ, ಬೀಳ್ತೀಯೆ!" ಎಂದು ಕೂಗಿದರು. ನೀವು ಏಣಿಯ ನಡುವೆ ನಿಂತು ತಿರುಗಿ, "ಬಿದ್ರೆ ನೆಟ್ಟಗೆ ಬೀಳ್ತೀನೋ ಹಿಂದಕ್ಕೆ ಬೀಳ್ತೀನೋ, ಅದೂ ಗೊತ್ತಾಗ್ತದೆ ಬಿಡು" ಅಂದಿರಿ. ಲಾಂಚೆಲ್ಲ ನಕ್ಕಿತು. ಈ ಸಲ ನಗು ನಮ್ಮ ಕಡೆಗಿತ್ತು.

ನೀವು ಅಂಚಿನಲ್ಲಿ ಕೂತು, ದಾರವಿದ್ದ ಜಾಗದಲ್ಲಿ ಕೈ ಚಾಚಿ, ಚೀಲವನ್ನು ಅಲುಗದಂತೆ ಹಿಡಿದಿರಿ. ಲಾಂಚು ಭರ್ರೆಂದು ಓಡುತ್ತಿತ್ತು, ಹಿಂದೆ ನೊರೆಯ ಗೆರೆ ಎಳೆದ ಹಾಗೆ. "ಬಿಡ್ಲಾ?" ಅಂದಿರಿ. "ಬಿಡು" ಅಂದರು ಮಾವ. ಧಪ್. ಸೀಮೆಸುಣ್ಣದ ಗುರುತಿನ ನಡುವೆ ಚೀಲ ಕೂತಿತ್ತು. ಅತ್ತೆ, ಆಮೇಲೆ ಎದ್ದಿತಲ್ಲ ಆ ಕೂಗು! ಅಕ್ಕಿ ಮೂಟೆಯವನು ಮೂಟೆಗೆ ಹೊಡೆದು, "ಅಮ್ಮನ ಕೈ ಅಂದ್ರೆ ಕೈ!" ಅಂದ. ಮಾವ ಒಪ್ಪಲಿಲ್ಲ. ಮತ್ತೆ ಬಿಡು ಅಂದರು. ಮತ್ತೆ ಗುರುತಿನ ಮೇಲೇ. ಆಗ ಪಂಚೆ ಎತ್ತಿ ಕಟ್ಟಿ ತಾವೇ ಹತ್ತಿದರು. ನಿಮ್ಮ ಪಕ್ಕದಲ್ಲಿ ಕೂತು, ಚೀಲ ಹಿಡಿದು, ಹಿಂದೆ ಓಡುವ ನೀರನ್ನೇ ದಿಟ್ಟಿಸಿದರು. ಅಷ್ಟು ಹೊತ್ತು ಏನು ನೋಡುತ್ತಿದ್ದರು? ಆ ನೀರಿನಡಿಯಲ್ಲಿ ಎಲ್ಲೋ ಅವರ ಅಂಗಳ ಇತ್ತು... ಆಮೇಲೆ ಕೈ ಬಿಟ್ಟರು. ಚೀಲ ಗುರುತಿನ ಮೇಲೆ ಬಿತ್ತು.

ಇಳಿದು ಬಂದ ಮಾವ ಚೀಲದ ಮುಂದೆ ಕುಕ್ಕರುಗಾಲಲ್ಲಿ ಕೂತದ್ದು ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಸುತ್ತಲಿನ ಗಲಾಟೆ ಅವರಿಗೆ ಕೇಳುತ್ತಲೇ ಇರಲಿಲ್ಲ. ನಾನು ವಿವರಿಸಲು ಬಾಯಿ ತೆರೆದೆ, ನೀವು ಮೇಲಿಂದಲೇ ತಲೆಯಾಡಿಸಿ ಬೇಡ ಅಂದಿರಿ. ಎಷ್ಟು ಸರಿ ಇತ್ತು ಅದು! ಸ್ವಲ್ಪ ಹೊತ್ತಿನ ಮೇಲೆ ಅವರೇ ಕೇಳಿದರು, "ಹಂಗಾರೆ ನನ್ನ ಕೈಯಲ್ಲಿದ್ದಾಗ್ಲೇ ಇದಕ್ಕೂ ಲಾಂಚಿನ ಓಟ ಇತ್ತು. ಕೈ ಬಿಟ್ರೂ ಆ ಓಟ ಇದನ್ನ ಬಿಡ್ಲಿಲ್ಲ. ಹೌದನಾ?"

"ಹೌದು ಮಾವ."

"ಮರದ ತುದಿ ಕಲ್ಲಿಗೂ ಹಂಗೇ ಭೂಮಿ ಓಟ ಇರ್ತದೆ."

"ಹೌದು ಮಾವ."

"ಇಷ್ಟೇ ತಾನೇ? ಇದಕ್ಕೆ ಅವತ್ತು ಜಡತ್ವ ಅಂತ ಯಾಕೆ ಬೈದೆ?" ಎಂದು ನನ್ನ ತಲೆಯ ಮೇಲೆ ಮೊಟಕಿದರು. ನಾನು ಆ ಪಾಠವನ್ನು ಆಮೇಲೆ ಎಷ್ಟೋ ಸಲ ಮಾಡಿದ್ದೇನೆ. ಅವರಷ್ಟು ಚೊಕ್ಕವಾಗಿ ಹೇಳಲು ನನಗೆ ಇನ್ನೂ ಬಂದಿಲ್ಲ.

ಆದರೆ ಗೆಲುವು ಅಲ್ಲಿಗೇ ಮುಗಿದಿರಲಿಲ್ಲ. ಮದುವೆ ಮನೆಯ ಹಿಂದಿನ ಚಪ್ಪರದಲ್ಲಿ ನೀವು ಹೆಂಗಸರ ಜೊತೆ ಲಾಡು ಕಟ್ಟಲು ಕೂತಾಗ ಮಾವ ಅಲ್ಲಿಗೂ ಬಂದರು. "ವನಜಾ, ಲಾಂಚು ಚಪ್ಪಟೆಯೇ ಇತ್ತಲ್ಲ. ಓಡೋ ಚಪ್ಪಟೆ ಭೂಮಿ ಅಂತ ಯಾಕೆ ಇರ್ಬಾರ್ದು? ಉರುಟು ಅಂತ ಯಾರು ಹೇಳಿದ್ದು?" ಎಂದು ಹೊಸ ಬಾಣ ಬಿಟ್ಟರು. ನ್ಯಾಯವಾದ ಮಾತು. ಲಾಂಚು ತೋರಿಸಿದ್ದು ಒಂದನ್ನೇ, ಅದು ಇನ್ನೊಂದನ್ನು ತೋರಿಸುವುದಿಲ್ಲ. ನಾನು ಚಂದ್ರಗ್ರಹಣದ ಗುಂಡನೆಯ ನೆರಳಿನಿಂದ ಶುರು ಮಾಡಿದೆ. ಅವರು ತಟ್ಟೆಯ ನೆರಳೂ ಗುಂಡಗೇ ಇರುತ್ತದೆ ಅಂದರು. ತಟ್ಟೆಯನ್ನು ಓರೆ ಹಿಡಿದರೆ ನೆರಳು ಉದ್ದವಾಗುತ್ತದೆ, ಭೂಮಿಯದು ಎಂದೂ ಆಗಿಲ್ಲ ಅಂದೆ. ಅವರು ಗಡ್ಡ ತುರಿಸಿಕೊಂಡರು. ಅಷ್ಟರಲ್ಲಿ ನೀವು, ಕೈಯಲ್ಲಿ ಬೂಂದಿ ಒತ್ತುತ್ತಾ ಒತ್ತುತ್ತಾ, ಇದ್ದಕ್ಕಿದ್ದ ಹಾಗೆ ಕೈ ನಿಲ್ಲಿಸಿದಿರಿ.

"ವನಜಾ, ಎಲ್ಲಾ ವಸ್ತುನೂ ಭೂಮಿಯ ನಡುವಿಗೆ ಬೀಳೋಕೆ ನೋಡ್ತದೆ ಅಂತ ಆ ಮೊದಲ ದಿನ ಅಂದಿದ್ದೆ ಅಲ್ವಾ? ಎಲ್ಲಾ ಕಡೆಯಿಂದ್ಲೂ?"

"ಹೌದು ಅತ್ತೆ."

"ಎಲ್ಲಾ ಕಡೆಯಿಂದ ನಡುವಿಗೆ ಒತ್ತಿದ್ರೆ ಉಂಡೆ ತಾನೇ ಆಗೋದು ಅಣ್ಣಯ್ಯ? ಚಪ್ಪಟೆ ಎಲ್ಲಿಂದ ಬರ್ತದೆ? ಪುಟ್ಟಯ್ಯನೋರು ಕೇಳಿದ ಆ ನೀರೂ ನಡುವಿಗೇ ಒತ್ತಿಕೊಂಡು ನಿಂತದೆ, ಅದಕ್ಕೇ ಸುರಿದು ಹೋಗಲ್ಲ." ನೀವು ಲಾಡನ್ನು ಎತ್ತಿ ಹಿಡಿದಿರಿ.

ಬೀಳುವುದೂ ದುಂಡಗಿರುವುದೂ ಒಂದೇ ಮಾತು ಎಂದು ನಾನು ನಿಮಗೆ ಹೇಳಿರಲೇ ಇಲ್ಲ. ನಾನೇ ಹಾಗೆ ಜೋಡಿಸಿ ನೋಡಿರಲಿಲ್ಲ. ನಾನು ಕೊಟ್ಟ ಒಂದು ತುಂಡನ್ನು ಮನಸ್ಸಿನಲ್ಲಿಟ್ಟುಕೊಂಡು, ಅಷ್ಟು ತಿಂಗಳು ಬೇಯಿಸಿ, ನೀವೇ ಅಲ್ಲಿಗೆ ಹೋಗಿ ಮುಟ್ಟಿದ್ದಿರಿ. ಮಾವ ನಿಮ್ಮ ಕೈಯಿಂದ ಆ ಲಾಡು ತೆಗೆದುಕೊಂಡು ತಿಂದರು. ಬಾಯಿ ತುಂಬಿದ್ದರಿಂದ ಒಪ್ಪಿದರೋ ಇಲ್ಲವೋ ತಿಳಿಯಲಿಲ್ಲ ಎಂದು ನೀವು ಆಮೇಲೆ ವರ್ಷಗಟ್ಟಲೆ ಆಡಿಕೊಂಡು ನಕ್ಕಿರಿ.

ಕಮಿಟಿ ಕೂತ ದಿನ ಶಾಲೆಯ ಜಗಲಿಯಲ್ಲಿ ನೀವು ಕಾದು ಕೂತಿದ್ದಿರಿ, ಒಳಗಿನ ಮಾತು ನಿಮಗೆ ಪೂರ್ತಿ ಕೇಳಿಸಿರಲಾರದು. ಪುಟ್ಟಯ್ಯನವರು ಮಾವನನ್ನು ನೋಡಿ, "ನೀವು ಹೇಳಿದ್ರೆ ಬೇಡ ಅಂತ ಬರೆದು ಮುಗಿಸ್ತೀನಿ" ಅಂದರು. ಮಾವ ಎದ್ದು ನಿಂತರು. "ಪುಟ್ಟಯ್ಯ, ನಾನು ಬಿಟ್ಟ ಚೀಲ ಕಣಯ್ಯಾ ಅದು, ನನ್ನ ಕೈಯಿಂದಲೇ ಬಿದ್ದದ್ದು. ಈ ಹುಡುಗಿ ನಂಬು ಅಂತ ಒಂದು ಸಲವೂ ಹೇಳ್ಲಿಲ್ಲ, ನೋಡು ಅಂದ್ಲು. ಹಂಗೆ ಹೇಳೋರು ಮಕ್ಕಳಿಗೆ ಬೇಕು." ಪುಟ್ಟಯ್ಯನವರು ಪೆನ್ನು ತೆಗೆದು, "ಭೂಮಿ ಹೆಂಗಾದ್ರೂ ಇರ್ಲಿ, ನನ್ನ ಪ್ರಕಾರ ಚಪ್ಪಟೆಯೇ. ಆದ್ರೆ ಮೇಷ್ಟ್ರು ಬೇಕು" ಎಂದು ಸಹಿ ಹಾಕಿದರು. ನಾನು ಹೊರಗೆ ಬಂದು ನಿಮ್ಮನ್ನು ನೋಡಿದೆ. ನೀವು ನನ್ನ ಮುಖ ನೋಡಿದವರೇ ಎದ್ದು, "ಸಂಜೆ ಬಸ್ಸಿಗೆ ಜನ ಬರ್ತಾರೆ, ನಡಿ" ಅಂದಿರಿ. ದಾರಿಯುದ್ದಕ್ಕೂ ನನ್ನ ಕೈ ಮಾತ್ರ ಬಿಡಲಿಲ್ಲ.

ನೀವು ಕಾಯಿಲೆ ಬಿದ್ದು ಮಲಗಿದ ಮೇಲೆ ಒಂದು ಮಧ್ಯಾಹ್ನ ಶಾಲೆಯಿಂದ ಓಡಿ ಬಂದು ನಿಮ್ಮ ಪಕ್ಕ ಕೂತಿದ್ದೆ. "ಇವತ್ತು ಎಂತ ಪಾಠ ಮಾಡ್ದೆ?" ಎಂದು ಕೇಳಿದಿರಿ. ಹೇಳಿದೆ. ಪೂರ್ತಿ ಕೇಳಿದಿರಿ. ಡಾಕ್ಟರು ಹೆಚ್ಚು ಮಾತು ಬೇಡ ಅಂದಿದ್ದರು, ಆದರೆ ಪಾಠ ನಿಲ್ಲಿಸಿದರೆ ನೀವು ಕೈ ಹಿಂಡುತ್ತಿದ್ದಿರಿ. ಅದರ ಬಗ್ಗೆ ಇಷ್ಟೇ ಸಾಕು. ಅಳುವ ಪತ್ರ ಬರೆದರೆ ನೀವು ಓದುವವರೂ ಅಲ್ಲ.

ಈಗ ನೀವು ಕೇಳದೆ ಹೋದ ಸುದ್ದಿ. ಈ ಆಷಾಢದಲ್ಲಿ ಮನುಷ್ಯರು ಚಂದ್ರನ ಮೇಲೆ ಇಳಿದು ನಡೆದಾಡಿ ಬಂದರು! ನಮ್ಮ ಹೋಟೆಲಿನ ರೇಡಿಯೋ ಮುಂದೆ ಕಾಲಿಡಲು ಜಾಗವಿರಲಿಲ್ಲ. ಪುಟ್ಟಯ್ಯನವರು ಸುಳ್ಳು ಅಂದರು. ಹಾಗೆ ಅನ್ನುತ್ತಲೇ ಕೊನೆಯವರೆಗೂ ಕೂತು ಕೇಳಿದರು. ಅವರ ಮೊಮ್ಮಗಳು ನನ್ನ ಕ್ಲಾಸಿನ ಮೊದಲ ಬೆಂಚಿನಲ್ಲಿ ಕೂರುತ್ತಾಳೆ. ಎರಡು ದಿನ ಬಿಟ್ಟು ತೀರ್ಥಹಳ್ಳಿಯಲ್ಲಿ ಇದಕ್ಕೇ ದೊಡ್ಡ ಜಗಳವಾಯಿತಂತೆ. ಚಂದ್ರ ತಲೆಯ ಮೇಲಿರುವುದು, ಅಲ್ಲಿ ನಿಂತವರು ಕೆಳಗೆ ಬೀಳಬೇಕಿತ್ತು, ಆದ್ದರಿಂದ ಎಲ್ಲ ಬರೀ ಬೊಗಳೆ ಎಂದು ಹಿರಿಯರು ಕೂತು ತೀರ್ಮಾನ ಮಾಡುತ್ತಿದ್ದಾಗ ನಮ್ಮ ಮಾವ ಎದ್ದು ನಿಂತರಂತೆ. "ಕೆಳಗೆ ಅಂದ್ರೆ ಯಾವ ಕಡೆ? ನೀವು ನಿಂತ ನೆಲದ ನಡುವಿನ ಕಡೆ. ಚಂದ್ರನ ಮೇಲೆ ನಿಂತವರಿಗೆ ಚಂದ್ರನ ನಡುವೇ ಕೆಳಗೆ" ಎಂದು ಶುರು ಮಾಡಿದವರು ಪುರಾಣದ ಕಂಠದಲ್ಲಿ ಬಸ್ಸುಗಳೆಲ್ಲ ಹೋಗುವವರೆಗೆ ಮಾತಾಡಿದರಂತೆ. ಯಾರೋ ಛೇಡಿಸಲೆಂದು, "ಇದನ್ನೆಲ್ಲ ಹೇಳ್ಕೊಟ್ಟ ಗುರುಗಳು ಯಾರು ಸ್ವಾಮಿ?" ಎಂದು ಕೇಳಿದರು. ಸೊಸೆ ಎಂದು ನನ್ನ ಹೆಸರು ಹೇಳುತ್ತಾರೆ ಅಂತ ಅಂದುಕೊಂಡಿರಾ? ಅಲ್ಲ. ಎದೆ ಮುಟ್ಟಿಕೊಂಡು, "ನನ್ನ ತಂಗಿ ಗಿರಿಜೆ" ಅಂದರಂತೆ.

ಅಷ್ಟಕ್ಕೇ ಸುಮ್ಮನಾಗುವ ಮನುಷ್ಯರೇ? ಬರುವ ಭಾನುವಾರ ಕವಲೇದುರ್ಗದ ಕೆಳಗಿನ ಊರಿನ ಶಾಲೆಯಲ್ಲಿ ಸಭೆ ಕರೆದಿದ್ದಾರೆ. ಅಲ್ಲಿಯವರು ಒಂದು ಪ್ರಶ್ನೆ ಕಳಿಸಿದ್ದಾರೆ. ಎಲ್ಲಾ ವಸ್ತುವೂ ಭೂಮಿಗೆ ಬೀಳುವುದಾದರೆ ಚಂದ್ರ ಯಾಕೆ ಬಿದ್ದಿಲ್ಲ? ಇದಕ್ಕೆ ಉತ್ತರ ಹೇಳಲು ತಮಗೆ ಬರುವುದಿಲ್ಲವೆಂದು ಮಾವ ನನಗೆ ಬಸ್ಸಿನವನ ಕೈಯಲ್ಲಿ ಹೇಳಿ ಕಳಿಸಿದ್ದಾರೆ. ಹೋಗುತ್ತಿದ್ದೇನೆ ಅತ್ತೆ. ಚಂದ್ರನೂ ಬೀಳುತ್ತಲೇ ಇದ್ದಾನೆ, ಒಂದು ಗಳಿಗೆಯೂ ಬಿಡದೆ, ಬೀಳುತ್ತಾ ಬೀಳುತ್ತಾ ಪಕ್ಕಕ್ಕೆ ಓಡುವ ತನ್ನ ಓಟದಿಂದ ಭೂಮಿಯನ್ನು ತಪ್ಪಿಸಿಕೊಂಡು ಸುತ್ತುತ್ತಿದ್ದಾನೆ ಎಂದು ಹೇಳುತ್ತೇನೆ. ಎಲ್ಲರೂ ನಗುತ್ತಾರೆ, ಗೊತ್ತು. ನಕ್ಕು ಮುಗಿಸಿದ ಮೇಲೆ, ಮುಂದಿನ ಸಾಲಿನಲ್ಲಿ ಕೂತ ಯಾರಾದರೂ ಒಬ್ಬ ಹೆಂಗಸನ್ನು ಎಬ್ಬಿಸಿ, ಅವಳ ಕೈಗೆ ಕಲ್ಲು ಕಟ್ಟಿದ ಹಗ್ಗ ಕೊಟ್ಟು, ಕೈ ಭೂಮಿ, ಕಲ್ಲು ಚಂದ್ರ ಎಂದು ಹೇಳಿ, "ತಿರುಗಿಸಿ ನೋಡಿ" ಅನ್ನುತ್ತೇನೆ.

ನಿಮ್ಮ ಸೊಸೆ,
ವನಜಾ